ಗೋಲಗುಮ್ಮಟದಿಂದ ನಡುಮನೆಯವರೆಗೆ

ಬೀರೂರು–ಚಿಕ್ಕಜಾಜೂರು ರೈಲು ದಾರಿಯಲ್ಲಿ ಅಜ್ಜಂಪುರ ದಾಟಿದರೆ ಶಿವನಿ ಸಿಗುತ್ತದೆ. ಅಲ್ಲಿನ ನಮ್ಮ ಮಣ್ಣುಗೋಡೆಯ ಮನೆಯಲ್ಲಿ ತಾತ ಹೇಳುತ್ತಿದ್ದ ಊರ ಸುದ್ದಿಗಳನ್ನು ಒಮ್ಮೆ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದೆವು. ತಾತ ಹೋದರು, ಆ ಮನೆಯೂ ಹೋಗಿ ಆರ್‌ಸಿಸಿ ಮನೆ ಬಂತು. ಹೊಸ ನಡುಮನೆಯಲ್ಲಿ ಸ್ಪೀಕರುಗಳನ್ನು ಜೋಡಿಸಿ ಕ್ಯಾಸೆಟ್ಟು ಹಾಕಿದರೆ ತಾತನ ದನಿ ಕೊಡದೊಳಗಿಂದ ಬಂದಂತೆ ಗುಂಯ್‌ಗುಟ್ಟಿತು. ಇನ್ನೂ ದೊಡ್ಡ ಆಂಪ್ಲಿಫೈಯರ್ ತಂದೆವು. ಗದ್ದಲ ಹೆಚ್ಚಿತೇ ಹೊರತು ಮಾತು ತಿಳಿಯಲಿಲ್ಲ. ದೋಷವಿದ್ದದ್ದು ಕೋಣೆಯಲ್ಲಿ.

ಕೋಣೆಯೊಂದು ದನಿಯನ್ನು ಏನೆಲ್ಲ ಮಾಡಬಲ್ಲದೆಂಬುದಕ್ಕೆ ಕನ್ನಡನಾಡಿನಲ್ಲಿ ವಿಜಾಪುರದ ಗೋಲಗುಮ್ಮಟಕ್ಕಿಂತ ದೊಡ್ಡ ಸಾಕ್ಷಿ ಬೇರೆ ಇಲ್ಲ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿ ಅದು. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಅದರ ಬುಡದ ಮೊಗಸಾಲೆಯಲ್ಲಿ ನಿಂತು ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿದ್ದವರಿಗೆ ಕೇಳುತ್ತದೆ. ಚಪ್ಪಾಳೆ ತಟ್ಟಿದರೆ ಮತ್ತೆ ಮತ್ತೆ ಮರುದನಿ ಬರುತ್ತದೆ. ಇದನ್ನು ಪವಾಡವೆನ್ನಬೇಕಿಲ್ಲ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎದುರು ಗೋಡೆಗೆ ಹೋಗಿ ಮರಳಲು ಅದಕ್ಕೆ ಸೆಕೆಂಡಿನ ಐದರಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು ಬೇಕು. ಆದ್ದರಿಂದಲೇ ಕಿವಿ ಒಂದೊಂದು ಮರುದನಿಯನ್ನೂ ಬಿಡಿಬಿಡಿಯಾಗಿ ಗುರುತಿಸುತ್ತದೆ. ಪಿಸುಮಾತಿನ ಗುಟ್ಟು ಬೇರೆ: ಶಬ್ದ ಬಾಗಿದ ಗೋಡೆಗೆ ಅಂಟಿಕೊಂಡಂತೆ ಸಾಗುತ್ತದೆಂದು ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗುಮ್ಮಟವನ್ನು ಕುರಿತು ಲಾರ್ಡ್ ರ‍್ಯಾಲೆ ವಿವರಿಸಿದ್ದರು. 1921ರಲ್ಲಿ ಇಂಗ್ಲೆಂಡಿಗೆ ಹೋದ ಸಿ. ವಿ. ರಾಮನ್ ಅದೇ ಗುಮ್ಮಟವನ್ನು ಪರೀಕ್ಷಿಸಿದರು. ಮರುವರ್ಷ ಅವರು ಪ್ರಕಟಿಸಿದ ಬರಹದಲ್ಲಿ ನಮ್ಮ ಗೋಲಗುಮ್ಮಟವೂ ಸೇರಿತ್ತು.

ನಮ್ಮ ನಡುಮನೆಯ ಅಗಲ 12 ಅಡಿ. ಇಲ್ಲಿ ಶಬ್ದ ಹೋಗಿ ಮರಳಲು ಸೆಕೆಂಡಿನ ಐವತ್ತರಲ್ಲೊಂದು ಭಾಗ ಸಾಕು. ಅಷ್ಟು ಬೇಗ ಬಂದ ಮರುದನಿಯನ್ನು ಕಿವಿ ಬೇರೆಯಾಗಿ ಕೇಳದು. ಅದು ಮೂಲ ದನಿಯೊಳಗೇ ಬೆರೆತು ಅದರ ಬಣ್ಣ ಕೆಡಿಸುತ್ತದೆ. ಎದುರುಬದುರು ಗೋಡೆಗಳ ನಡುವೆ ಕೆಲವು ಸ್ವರಗಳು ಹೆಚ್ಚಾಗಿ ಮೊಳಗುತ್ತವೆ. 12 ಅಡಿಗೆ ಸುಮಾರು 47 ಹರ್ಟ್ಸ್, ಅದರ ಇಮ್ಮಡಿ 94. ಗಂಡಸರ ಮಾತಿನ ತಳಸ್ವರ ಇರುವುದೇ ಈ 94ರ ಆಸುಪಾಸಿನಲ್ಲಿ. ತಾತನ ದನಿ ಊದಿಕೊಂಡದ್ದು ಅಲ್ಲಿ.

ಇಂಥ ತೊಂದರೆಯನ್ನು ಮೊದಲು ಲೆಕ್ಕಕ್ಕೆ ತಂದವರು ಅಮೆರಿಕದ ವ್ಯಾಲೇಸ್ ಸಬೈನ್. 1895ರಲ್ಲಿ ಹಾರ್ವರ್ಡ್‌ನ ಉಪನ್ಯಾಸ ಮಂದಿರವೊಂದರಲ್ಲಿ ಆಡಿದ ಮಾತು ಐದೂವರೆ ಸೆಕೆಂಡು ಗುನುಗುತ್ತಲೇ ಇರುತ್ತಿತ್ತು. ಸಬೈನ್ ಬೇರೊಂದು ರಂಗಮಂದಿರದ ಆಸನದ ಮೆತ್ತೆಗಳನ್ನು ಹೊರಿಸಿ ತಂದು, ರಾತ್ರಿ ಊರು ಮಲಗಿದ ಮೇಲೆ ಎಷ್ಟು ಮೆತ್ತೆಗೆ ಗುನುಗು ಎಷ್ಟು ಇಳಿಯುತ್ತದೆಂದು ಅಳೆದರು. ನಮಗೆ ಈ ಇತಿಹಾಸದಲ್ಲಿ ಬಲು ಮೆಚ್ಚುಗೆಯಾದದ್ದು ಈ ಮೆತ್ತೆ ಹೊರುವ ಕೆಲಸವೇ. 1960ರ ದಶಕದಲ್ಲಿ ಟೆಕ್ಸಾಸ್‌ನ ಸಿ. ಪಿ. ಬೋನರ್, ಸಭಾಂಗಣದಲ್ಲಿ ಅತಿಯಾಗಿ ಮೊಳಗುವ ಸ್ವರಗಳನ್ನು ಮಾತ್ರ ಆರಿಸಿ ವಿದ್ಯುತ್ ಸೋಸುಗಗಳಿಂದ ತಗ್ಗಿಸಿದರು. ಇಂದು ಮನೆಯ ಯಂತ್ರದೊಳಗಿನ ಈಕ್ವಲೈಜರ್ ಮಾಡುವುದೂ ಅದನ್ನೇ; ಮೈಕು ಇಟ್ಟು ತಾನೇ ಅಳೆದುಕೊಳ್ಳುತ್ತದೆ.

ಆದರೆ ಅದನ್ನು ಕಣ್ಣುಮುಚ್ಚಿ ನಂಬಿ ನಾವು ಎರಡು ಬಾರಿ ಕೆಟ್ಟೆವು. ಮೈಕನ್ನು ಒಂದೇ ಕಡೆ ಇಟ್ಟು ಅಳೆದದ್ದು ಮೊದಲ ತಪ್ಪು. ಆ ಕುರ್ಚಿಗೆ ಸರಿಯಾದದ್ದು ಪಕ್ಕದ ಕುರ್ಚಿಗೆ ಕೆಟ್ಟಿತು. ಸ್ವರ ಕುಗ್ಗಿದ ಕಡೆ ಬಲವಂತವಾಗಿ ಏರಿಸಿದ್ದು ಎರಡನೆಯದು. ಎರಡು ಅಲೆಗಳು ಒಂದನ್ನೊಂದು ಅಳಿಸುವ ಜಾಗದಲ್ಲಿ ಎಷ್ಟು ಏರಿಸಿದರೂ ಅಳಿಸುವ ಅಲೆಯೂ ಜೊತೆಗೇ ಏರುತ್ತದೆ, ದಣಿಯುವುದು ಸ್ಪೀಕರು. ಉಬ್ಬನ್ನು ತಗ್ಗಿಸಬಹುದು, ಇಂಥ ತಗ್ಗನ್ನು ತುಂಬಲಾಗದು. ಬರಿಯ ಗೋಡೆ, ನುಣುಪು ನೆಲದ ಗುನುಗನ್ನಂತೂ ಯಾವ ಗುಂಡಿ ತಿರುಗಿಸಿದರೂ ಹೀರಲಾಗದು. ಹಳೆಯ ಮನೆಯಲ್ಲಿ ಆ ಕೆಲಸವನ್ನು ಜಂತಿ, ಕಾಳಿನ ಚೀಲ, ಹಾಸಿಗೆಯ ಸುರುಳಿಗಳು ಯಾರೂ ಹೇಳದೆ ಮಾಡುತ್ತಿದ್ದವು.

ಕೊನೆಗೆ ಐದಾರು ಕಡೆ ಅಳೆದು, 94ರ ಬಳಿ ಆರು ಡೆಸಿಬೆಲ್ ಇಳಿಸಿ, ಪೆಟ್ಟಿಗೆಯಲ್ಲಿದ್ದ ಎರಡು ಕೌದಿಗಳನ್ನು ಹಿಂಬದಿಯ ಗೋಡೆಗೆ ನೇತುಹಾಕಿದೆವು. ಈಗ ತಾತ ಮಾತು ನಿಲ್ಲಿಸಿ ಉಸಿರೆಳೆದುಕೊಳ್ಳುವಾಗ ಹಿತ್ತಲಲ್ಲಿ ಕೋಳಿ ಕೂಗುವುದೂ ಕೇಳುತ್ತದೆ.