ಬಯಲು ಕುದುರೆಗೆ, ಗೋಡೆ ಬಂದೂಕಿಗೆ

ನಮ್ಮದು ಹೊಳೆಸೀಮೆ. ನಾರಾಯಣಪೇಟೆ, ಮಕ್ತಲ್ ಕೃಷ್ಣೆಯ ಬಡಗಣ ಕಡೆ. ಗದ್ವಾಲ ಕೃಷ್ಣೆ ಮತ್ತು ತುಂಗಭದ್ರೆಯ ನಡುವೆ. ಎರಡು ನೀರಿನ ನಡುವಿನ ಆ ನೆಲಕ್ಕೆ ಪಾರಸಿಯಲ್ಲಿ ದೋಆಬ್ ಅಂತ ಹೆಸರು, ತೆಲುಗಿನವರು ನಡಿಗಡ್ಡ ಅಂತಾರ. ಈಗ ನಡುವೆ ರಾಜ್ಯದ ಗಡಿ ಬಂದದ. ಆದರೆ 1956ರವರೆಗೆ ಗದ್ವಾಲ, ಆಲಂಪುರ ಎರಡೂ ರಾಯಚೂರು ಜಿಲ್ಲೆಯೊಳಗೇ ಇದ್ದವು. ಹಾಗಾಗಿ ರಾಯಚೂರು ಕೋಟೆಯ ಕಥೆ ಬೇರೆ ಯಾರದೋ ಅಲ್ಲ, ನಮ್ಮದೇ.

1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ರಾಯಚೂರನ್ನು ಗೆದ್ದ. ಶಾಲೆಯ ಪುಸ್ತಕದಲ್ಲಿ ಇದು ಒಂದು ಸಾಲು. ಸಮಾಜ ಪಾಠ ಹೇಳುವವನಾಗಿ ನಾನು ಈ ಸಾಲನ್ನು ಎಷ್ಟೋ ಸಲ ಹಲಗೆಯ ಮೇಲೆ ಬರೆದಿದ್ದೇನೆ. ಆದರೆ ಆ ಒಂದು ಸಾಲಿನ ಹೊಟ್ಟೆಯೊಳಗೆ ಎರಡು ಯುದ್ಧಗಳಿವೆ. ಒಂದು ಹೊಳೆದಂಡೆಯ ಬಯಲಿನಲ್ಲಿ ನಡೆದದ್ದು, ಅಲ್ಲಿ ಗೆದ್ದದ್ದು ಕುದುರೆ. ಇನ್ನೊಂದು ಕೋಟೆ ಗೋಡೆಯ ಬುಡದಲ್ಲಿ ನಡೆದದ್ದು, ಅಲ್ಲಿ ಕೆಲಸ ಮಾಡಿದ್ದು ಬಂದೂಕು. ಗೆದ್ದವರು ಮೊದಲನೆಯದನ್ನು ನೆನಪಿಟ್ಟುಕೊಂಡರು, ಸೋತವರು ಎರಡನೆಯದನ್ನು. ಮುಂದಿನ ನಲವತ್ತೈದು ವರ್ಷದ ಕಥೆಗೆ ಇದರಲ್ಲೇ ಒಂದು ಬೇರು ಅದ ಅಂತ ನನ್ನ ಅಭಿಪ್ರಾಯ.

ಈ ಕದನದ ವಿವರ ನಮಗೆ ಹೆಚ್ಚಾಗಿ ಸಿಗುವುದು ಫೆರ್ನಾವೊ ನೂನಿಜ್ ಎಂಬ ಪೋರ್ಚುಗೀಸನ ಬರಹದಿಂದ. ಅವನು ಕುದುರೆ ವ್ಯಾಪಾರಿ. ಯುದ್ಧವಾಗಿ ಹದಿನೈದು ವರ್ಷದ ಮೇಲೆ ವಿಜಯನಗರದಲ್ಲಿ ಇದ್ದು, ಕೇಳಿ ತಿಳಿದದ್ದನ್ನು ಬರೆದಿಟ್ಟ. ರಾಬರ್ಟ್ ಸೀವೆಲ್ 1900ರಲ್ಲಿ ಅದನ್ನು ಇಂಗ್ಲಿಷಿಗೆ ತಂದು ಅಚ್ಚು ಹಾಕಿಸಿದ. ನೂನಿಜ್ ಹೇಳುವ ಸೈನ್ಯದ ಲೆಕ್ಕಗಳು ಹಿಗ್ಗಿದ ಲೆಕ್ಕಗಳೇ. ಏಳು ಲಕ್ಷ ಕಾಲಾಳಿಗೆ ಬೇಸಿಗೆಯಲ್ಲಿ ಈ ಸೀಮೆಯ ಯಾವ ಕೆರೆ ನೀರು ಸಾಕಾದೀತು? ಆದರೆ ಕುದುರೆಯ ವಿಷಯದಲ್ಲಿ, ಬಂದೂಕಿನ ವಿಷಯದಲ್ಲಿ ಅವನ ಕಣ್ಣು ಚುರುಕು. ಅದು ಅವನ ಕಸುಬು, ನೋಡ್ರಿ.

ಕುದುರೆಯ ಬೆಲೆ

ದಖ್ಖನಿನಲ್ಲಿ ನಾಡಕುದುರೆಗಳಿದ್ದವು, ಆದರೆ ಅವು ಗಿಡ್ಡ. ಕಬ್ಬಿಣ ತೊಟ್ಟ ಸವಾರನನ್ನು ಹೊತ್ತು ಶತ್ರುವಿನ ಸಾಲಿನ ಮೇಲೆ ನುಗ್ಗುವ ಎತ್ತರದ ಕುದುರೆ ಅರಬಸ್ಥಾನ, ಪಾರಸಿ ದೇಶಗಳಿಂದ ಬರಬೇಕು. ಹರ್ಮುಜ್ ರೇವಿನಲ್ಲಿ ಹಡಗು ಹತ್ತಿ ಗೋವಾ, ಭಟ್ಕಳದಲ್ಲಿ ಇಳಿದು, ಘಟ್ಟ ಹತ್ತಿ ಬರಬೇಕು. ದಾರಿಯಲ್ಲಿ ಎಷ್ಟೋ ಸಾಯುತ್ತಿದ್ದವು. ಸಾಳುವ ನರಸಿಂಹನ ಕಾಲದ ಒಂದು ಮಾತನ್ನು ನೂನಿಜ್ ಹೇಳುತ್ತಾನೆ: ಕಡಲಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಸಾಕು, ಬದುಕಿದ ಕುದುರೆಯ ಬೆಲೆಯನ್ನೇ ಅರಸ ಕೊಡುತ್ತಿದ್ದನಂತೆ. ವ್ಯಾಪಾರಿ ನಷ್ಟಕ್ಕೆ ಹೆದರಿ ಬೇರೆ ಬಾಗಿಲಿಗೆ ಹೋಗಬಾರದು ಎಂಬ ಲೆಕ್ಕ ಅದು. ಕೃಷ್ಣದೇವರಾಯ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ ಎಂದೂ ಅವನೇ ಬರೆದಿದ್ದಾನೆ. ರಾಯ ತೆಲುಗಿನಲ್ಲಿ ಬರೆದ ಆಮುಕ್ತಮಾಲ್ಯದದಲ್ಲೂ ಇದೇ ಬುದ್ಧಿಮಾತು ಅದ: ದೂರದೇಶದಿಂದ ಆನೆ, ಕುದುರೆ ತರುವ ವ್ಯಾಪಾರಿಗಳನ್ನು ಗೌರವದಿಂದ ನೋಡಿಕೋ, ಆ ಪ್ರಾಣಿಗಳು ಶತ್ರುವಿನ ಪಾಲಾಗದ ಹಾಗೆ ನೋಡಿಕೋ ಅಂತ.

ಕುದುರೆಯಷ್ಟೇ ಸವಾರನೂ ಮುಖ್ಯ. ಇದಕ್ಕಿಂತ ನೂರು ವರ್ಷ ಹಿಂದೆ ಇಮ್ಮಡಿ ದೇವರಾಯ, ಬಹಮನಿಗಳು ಯಾಕೆ ಗೆಲ್ಲುತ್ತಾರೆ ಎಂದು ತನ್ನವರನ್ನು ಕೇಳಿದನಂತೆ. ಅವರ ಕುದುರೆ ಗಟ್ಟಿ, ಕುದುರೆ ಮೇಲಿನ ಬಿಲ್ಲುಗಾರರು ಒಳ್ಳೆಯವರು ಎಂಬ ಉತ್ತರ ಬಂತು. ಅವನು ಮುಸಲ್ಮಾನ ಸವಾರರನ್ನು ಕೆಲಸಕ್ಕೆ ಇಟ್ಟುಕೊಂಡ, ಜಾಗೀರು ಕೊಟ್ಟ, ಊರೊಳಗೆ ಮಸೀದಿ ಕಟ್ಟಿಸಿದ ಎಂದು ಫಿರಿಶ್ತಾ ಬರೆದಿದ್ದಾನೆ. ಸೋತಾಗ ಕಲಿಯುವುದು ವಿಜಯನಗರಕ್ಕೆ ಗೊತ್ತಿತ್ತು. ಈ ಮಾತನ್ನು ಓದುಗರು ನೆನಪಿನಲ್ಲಿ ಇಡಬೇಕು.

1520ರ ಯುದ್ಧದ ನೆವವೂ ಕುದುರೆಯೇ. ನೂನಿಜ್ ಹೇಳುವಂತೆ, ಕೃಷ್ಣದೇವರಾಯ ಒಬ್ಬ ಮುಸಲ್ಮಾನ ವ್ಯಾಪಾರಿಯ ಕೈಯಲ್ಲಿ 40,000 ವರಹ ಕೊಟ್ಟು ಗೋವಾಕ್ಕೆ ಕುದುರೆ ತರಲು ಕಳಿಸಿದ. ಆತ ದುಡ್ಡಿನ ಸಮೇತ ಆದಿಲ್ ಶಾಹನ ಕಡೆ ಹೋಗಿಬಿಟ್ಟ. ಒಪ್ಪಿಸು ಎಂದರೆ ಆದಿಲ್ ಶಾಹ ಒಪ್ಪಿಸಲಿಲ್ಲ. ನೆವ ಇದು, ಒಳಗಿನ ಆಸೆ ಮಾತ್ರ ದೋಆಬಿನ ಮೇಲೆ ಎರಡೂ ಕಡೆ ತಲೆಮಾರುಗಳಿಂದ ಇದ್ದದ್ದೇ.

ತೋಪು ಒಂದೇ ಸಲ ಗುಡುಗಿತು

ರಾಯನ ದಂಡು ರಾಯಚೂರಿಗೆ ಮುತ್ತಿಗೆ ಹಾಕಿ ಮೂರು ತಿಂಗಳಾದರೂ ಕೋಟೆ ಬಗ್ಗಲಿಲ್ಲ. ಅಷ್ಟರಲ್ಲಿ ಇಸ್ಮಾಯಿಲ್ ಆದಿಲ್ ಶಾಹ ಕೃಷ್ಣೆಯ ಬಡಗಣ ದಂಡೆಗೆ, ಅಂದರೆ ನಮ್ಮ ದಂಡೆಗೆ, ಸೈನ್ಯದೊಡನೆ ಬಂದಿಳಿದ. ಬೇಸಿಗೆಯಲ್ಲಿ ಹೊಳೆ ಇಳಿದಿತ್ತು. ಅವನು ದಾಟಿ ತೆಂಕಣ ದಂಡೆಯಲ್ಲಿ ಕಂದಕ ತೋಡಿ, ಮುಂದೆ ತೋಪುಗಳನ್ನು ಸಾಲಾಗಿ ನಿಲ್ಲಿಸಿದ. ಅವನ ನಂಬಿಕೆಯೆಲ್ಲ ಈ ತೋಪುಗಳ ಮೇಲೆ. ಸೀವೆಲ್ ಲೆಕ್ಕ ಹಾಕಿದಂತೆ ಅದು 1520ರ ಮೇ 19, ಶನಿವಾರ.

ಬೆಳಗಾಗುತ್ತಲೇ ರಾಯನ ಮುಂದಿನ ಸಾಲು ಏರಿ ಹೋಯಿತು. ಆದಿಲ್ ಶಾಹ ಅವರನ್ನು ಹತ್ತಿರ ಬರಗೊಟ್ಟು, ಎಲ್ಲ ತೋಪುಗಳನ್ನು ಒಮ್ಮೆಗೇ ಹಾರಿಸಿದ. ಗುಂಪಾಗಿ ಬಂದವರು ಗುಂಪಾಗಿಯೇ ಬಿದ್ದರು. ಸಾಲು ಒಡೆಯಿತು, ಓಟ ಶುರುವಾಯಿತು. ಬಿಜಾಪುರದ ಸವಾರರು ಕಂದಕ ಬಿಟ್ಟು ಹೊರಬಂದು ಬೆನ್ನಟ್ಟಿದರು.

ಎರಡನೆಯ ಸಾಲಿನಲ್ಲಿದ್ದ ರಾಯ ಕುದುರೆ ಏರಿದ. ತನ್ನ ಉಂಗುರ ತೆಗೆದು ಆಳಿನ ಕೈಯಲ್ಲಿ ಕೊಟ್ಟು, ನಾನು ಸತ್ತರೆ ಇದನ್ನು ರಾಣಿಯರಿಗೆ ತೋರಿಸು ಎಂದನಂತೆ. ಆಮೇಲೆ ಉಳಿದ ಸೈನ್ಯದೊಡನೆ ನುಗ್ಗಿದ. ಬೆನ್ನಟ್ಟುತ್ತಾ ಚದುರಿದ್ದ ಬಿಜಾಪುರದವರು ಈ ಹೊಡೆತ ತಾಳಲಿಲ್ಲ. ಹಿಂದೆ ಸರಿದು ಸರಿದು ಹೊಳೆಗೇ ಬಿದ್ದರು. ಮಡುವಿನಲ್ಲಿ ಸತ್ತವರೇ ಬಹಳ. ರಾಯನಿಗೆ ಸಿಕ್ಕ ಲೂಟಿಯಲ್ಲಿ 400 ದೊಡ್ಡ ತೋಪು, 4,000 ಕುದುರೆ, 100 ಆನೆ ಎಂದು ನೂನಿಜ್ ಬರೆಯುತ್ತಾನೆ.

ತೋಪು ಯಾಕೆ ಸೋತಿತು? ಇದನ್ನು ಲೆಕ್ಕದ ಪಾಠದ ಹಾಗೆ ನೋಡಬಹುದು. ನಾಗಾಲೋಟದ ಕುದುರೆ ನಿಮಿಷಕ್ಕೆ 500 ಮೀಟರಿನ ಆಸುಪಾಸು ಓಡುತ್ತದೆ. ಆ ಕಾಲದ ದೊಡ್ಡ ತೋಪನ್ನು ಹಾರಿಸಿದ ಮೇಲೆ ನಳಿಗೆ ಒರೆಸಬೇಕು, ಕಿಡಿ ಉಳಿದಿಲ್ಲ ಎಂದು ನೋಡಬೇಕು, ಮದ್ದು ಸುರಿದು ಜಡಿಯಬೇಕು, ಗುಂಡು ಇಳಿಸಬೇಕು, ಮತ್ತೆ ಗುರಿಗೆ ಎಳೆದು ನಿಲ್ಲಿಸಬೇಕು. ಅಷ್ಟರಲ್ಲಿ ಕುದುರೆ ತೋಪಿನವನ ತಲೆಯ ಮೇಲೆ ಬಂದಿರುತ್ತದೆ. ಮೇಲಾಗಿ ತನ್ನದೇ ಸವಾರರು ಮುಂದೆ ಹೋಗಿ ಶತ್ರುವಿನೊಡನೆ ಬೆರೆತ ಮೇಲೆ ಯಾರ ಮೇಲೆ ಹಾರಿಸುವುದು? ಆರು ವರ್ಷದ ನಂತರ, 1526ರಲ್ಲಿ, ಪಾಣಿಪತ್ತಿನಲ್ಲಿ ಬಾಬರ ಬಂಡಿಗಳನ್ನು ಹಗ್ಗದಿಂದ ಒಂದಕ್ಕೊಂದು ಬಿಗಿದು, ಅದರ ಮರೆಯಲ್ಲಿ ಬಂದೂಕಿನವರನ್ನು ನಿಲ್ಲಿಸಿದ. ಕುದುರೆ ಒಳಗೆ ನುಗ್ಗದಂತೆ ಆ ಬಂಡಿಯ ಬೇಲಿ ತಡೆಯಿತು. ತುಂಬುವವನಿಗೆ ಹೊತ್ತು ಸಿಕ್ಕಿತು. ಕೃಷ್ಣೆಯ ದಂಡೆಯಲ್ಲಿ ಆ ಹೊತ್ತು ಸಿಗಲಿಲ್ಲ.

ಬಂದೂಕು ತುಂಬುವ ಹೊತ್ತು

ಈಗಿನ ಹುಡುಗರು ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ಹಳೆಗಾಲದ ಯುದ್ಧದ ಆಟ ಆಡತಾರ. ಅದರಾಗ ಸವಾರ ಓಡುವ ಕುದುರೆ ಮೇಲಿಂದಲೇ ಬಂದೂಕು ಹಾರಿಸತಾನ, ಗುಂಡಿ ಒತ್ತಿದರ ಮತ್ತೆ ತುಂಬತದ. ಆಟ ಬೈಯುವುದಕ್ಕೆ ನಾನು ಇದನ್ನು ಹೇಳುತ್ತಿಲ್ಲ. ಆ ಆಟವನ್ನೇ ಹಿಡಿದು ಪಾಠ ಮಾಡಬಹುದು ಅಂತ ಶಿಕ್ಷಕರಿಗೆ ಹೇಳುತ್ತಿದ್ದೇನೆ.

ಆ ಕಾಲದ ಕೈಬಂದೂಕು ಬತ್ತಿಯದು. ಸಾವಕಾಶವಾಗಿ ಉರಿಯುವ ಹಗ್ಗದ ತುದಿಯನ್ನು ಒಂದು ಕೊಂಡಿಗೆ ಸಿಕ್ಕಿಸಿರುತ್ತಾರೆ. ಕುದುರೆ ಎಳೆದರೆ (ಬಂದೂಕಿನ ಕುದುರೆ ರೀ, ನಮ್ಮ ಭಾಷೆ ಅದಕ್ಕೂ ಅದೇ ಹೆಸರು ಇಟ್ಟದ!) ಕೊಂಡಿ ಬಗ್ಗಿ, ಕಿವಿಯ ಹತ್ತಿರದ ಮದ್ದಿಗೆ ಬೆಂಕಿ ಮುಟ್ಟಿಸುತ್ತದೆ. ತುಂಬುವುದಕ್ಕೆ ನುರಿತವನಿಗೂ ಅರ್ಧದಿಂದ ಒಂದು ನಿಮಿಷ ಬೇಕು. ಎರಡೂ ಕೈ ಬೇಕು. ಉರಿಯುವ ಬತ್ತಿಯನ್ನು ಸಡಿಲ ಮದ್ದಿನಿಂದ ದೂರ ಇಡಬೇಕು. ಕುಣಿಯುವ ಕುದುರೆಯ ಮೇಲೆ, ಲಗಾಮು ಬಿಟ್ಟು, ಗಾಳಿಯಲ್ಲಿ ಇದನ್ನೆಲ್ಲ ಮಾಡಿ ಗುರಿ ಹೊಡೆಯುವುದು ಬಹಳ ಕಷ್ಟ. ಅದಕ್ಕೇ ಸವಾರ ಭಲ್ಲೆ, ಕತ್ತಿ, ಬಿಲ್ಲು ಬಿಡಲಿಲ್ಲ. ರಿಕಾಪಿನಲ್ಲಿ ಕಾಲೂರಿ ಎದ್ದು ನಿಂತ ಬಿಲ್ಲುಗಾರ ಒಂದು ನಿಮಿಷದಲ್ಲಿ ಹಲವು ಬಾಣ ಬಿಡಬಲ್ಲ. ಬಂದೂಕು ಆಗ ನೆಲದವನ ಆಯುಧ. ಮರೆ ಇದ್ದವನ ಆಯುಧ, ಹೊತ್ತು ಇದ್ದವನ ಆಯುಧ.

ಗೋಡೆಯ ಬುಡದಲ್ಲಿ

ಬಯಲು ಗೆದ್ದ ರಾಯ ಕೋಟೆಗೆ ಮರಳಿ ಬಂದ. ಕೋಟೆಯೊಳಗೆ 200 ದೊಡ್ಡ ತೋಪುಗಳಿದ್ದವು ಎಂದು ನೂನಿಜ್ ಲೆಕ್ಕ. ಆದರೆ ಅವೆಲ್ಲ ಎತ್ತರದಲ್ಲಿ. ದೂರದವನನ್ನು ಹೊಡೆದಾವು, ಗೋಡೆಯ ಬುಡಕ್ಕೆ ಬಂದು ಕೂತವನನ್ನು ಹೊಡೆಯಲಾರವು. ಬುಡಕ್ಕೆ ಬಂದವನಿಗೆ ಭಯ ಮೇಲಿಂದ ಬೀಳುವ ಕಲ್ಲಿನದು, ಬಾಣದ್ದು, ಗುಂಡಿನದು.

ರಾಯನ ಆಳುಗಳು ಗುದ್ದಲಿ, ಹಾರೆ ಹಿಡಿದು ಗೋಡೆಯ ಕಲ್ಲು ಕೀಳುತ್ತಿದ್ದರು. ಕಿತ್ತ ಕಲ್ಲಿನ ಗಾತ್ರದ ಮೇಲೆ ಕೂಲಿ: ಹತ್ತು, ಇಪ್ಪತ್ತು, ಐವತ್ತು ವರಹದ ತನಕ. ದುಡ್ಡು ದೊಡ್ಡದು, ಜೀವ ಅದಕ್ಕಿಂತ ಅಗ್ಗ. ಕಲ್ಲು ಬಿದ್ದು ಸತ್ತವರ ಹೆಣ ಎಳೆದು ತಂದವರಿಗೂ ದುಡ್ಡು ಸಿಗುತ್ತಿತ್ತಂತೆ. ಆ ಕೂಲಿಗಳ ಹೆಸರನ್ನು ಯಾರೂ ಬರೆದಿಲ್ಲ.

ಆಗ ಬಂದವನು ಕ್ರಿಸ್ಟೊವಾವೊ ಡಿ ಫಿಗೇರೆದೊ. ಅವನೂ ಪೋರ್ಚುಗೀಸ, ಅವನೂ ಕುದುರೆ ಮಾರಲು ಬಂದವನೇ. ಜೊತೆಗೆ ಇಪ್ಪತ್ತು ಮಂದಿ ಬಂದೂಕಿನವರು. ಅಲ್ಲಿವರೆಗೆ ಕೋಟೆಯವರು ಯಾವ ಅಂಜಿಕೆಯಿಲ್ಲದೆ ಗೋಡೆಯ ಮೇಲೆ ನಿಂತು, ಮೈ ತೋರಿಸಿ, ಕಲ್ಲು ಎಸೆಯುತ್ತಿದ್ದರು. ಫಿಗೇರೆದೊನ ಮಂದಿ ಹೊಂಚಿ ಕೂತು, ತಲೆ ಎತ್ತಿದವನನ್ನೆಲ್ಲ ಹೊಡೆದರು. ಗೋಡೆಯ ಮೇಲೆ ಯಾರೂ ನಿಲ್ಲದಂತಾಯಿತು. ಕೆಳಗೆ ಕಲ್ಲು ಕೀಳುವ ಕೆಲಸ ಸಲೀಸಾಯಿತು, ಗೋಡೆ ಹಲವು ಕಡೆ ಬಾಯಿಬಿಟ್ಟಿತು. ಏನಾಗುತ್ತಿದೆ ಎಂದು ಬಗ್ಗಿ ನೋಡಿದ ಕೋಟೆಯ ಸರದಾರನ ಹಣೆಗೇ ಒಂದು ಗುಂಡು ಬಿತ್ತು. ಮರುದಿನ ಊರಿನವರು ಬಾಗಿಲು ತೆರೆದರು.

ನೋಡ್ರಿ, ನೂರಾರು ತೋಪು ಮಾಡದ ಕೆಲಸ ಇಪ್ಪತ್ತು ಬಂದೂಕು ಮಾಡಿದವು. ಮರೆ ಇತ್ತು, ಹೊತ್ತು ಇತ್ತು, ಗುರಿ ನಿಂತಲ್ಲೇ ಇತ್ತು. ಅಷ್ಟೇ ಗುಟ್ಟು.

ಸೋತವನ ಪಾಠ

ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್ ಈ ಕದನವನ್ನು ಬಹಳ ಎಚ್ಚರದಿಂದ ಓದಿದವರು. ಗೆದ್ದ ವಿಜಯನಗರ ಬಂದೂಕಿನ ಕಡೆ ಮನಸ್ಸು ಕೊಡಲಿಲ್ಲ, ಸೋತ ಬಿಜಾಪುರ ಕೊಟ್ಟಿತು ಎಂಬುದು ಅವರ ವಾದದ ಸಾರ. ನನಗೂ ಅದು ಸರಿ ಅನಿಸುತ್ತದೆ. ಕುದುರೆಯ ಮೇಲೆ ಗೆದ್ದವನಿಗೆ ಕುದುರೆಯೇ ದೇವರು. 400 ತೋಪು ಕೈಗೆ ಬಂದರೂ ಅವು ಗೆಲುವಿನ ಸಾಮಾನಾದವು, ಕಲಿಯುವ ಸಾಮಾನಾಗಲಿಲ್ಲ.

1529ರಲ್ಲಿ ಕೃಷ್ಣದೇವರಾಯ ತೀರಿಕೊಂಡ. ಮರುವರ್ಷವೇ ರಾಯಚೂರು ಮತ್ತೆ ಇಸ್ಮಾಯಿಲನ ಪಾಲಾಯಿತು. ಸುಲ್ತಾನರ ಕೋಟೆಗಳಲ್ಲಿ ಬುರುಜುಗಳು ದಪ್ಪವಾದವು. ತೋಪನ್ನು ಗೂಟದ ಮೇಲೆ ಕೂಡಿಸಿ ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ತಿರುಗಿಸುವ ಉಪಾಯ ಬಂತು. ಬಿಜಾಪುರಕ್ಕೆ ಹೋದವರು ಮಲಿಕ್-ಎ-ಮೈದಾನ್ ತೋಪನ್ನು ನೋಡಿರುತ್ತೀರಿ. 1549ರಲ್ಲಿ ಅಹಮದನಗರದಲ್ಲಿ ಮಹಮ್ಮದ್ ರೂಮಿ ಎಂಬವನು ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ.

1565ರ ಜನವರಿ 23ರಂದು, ಇದೇ ಕೃಷ್ಣೆಯ ಮೇಲ್ದಂಡೆಯಲ್ಲಿ, ರಕ್ಕಸ-ತಂಗಡಿ ಕದನ. ಅಹಮದನಗರದ ತೋಪುಗಳು ಚಲಬಿ ರೂಮಿಖಾನನ ಕೈಯಲ್ಲಿ, ಮೂರು ಸಾಲಿನಲ್ಲಿ. ವಿಜಯನಗರದವರು ಹತ್ತಿರ ಬಂದಾಗ ತಾಮ್ರದ ದುಡ್ಡಿನ ಚೀಲಗಳನ್ನೇ ತೋಪಿಗೆ ತುಂಬಿ ಹಾರಿಸಿದರು ಎಂದು ಫಿರಿಶ್ತಾ ಬರೆದಿದ್ದಾನೆ. ರಾಮರಾಯ ಸೆರೆಸಿಕ್ಕಿ ತಲೆ ಕಳೆದುಕೊಂಡ, ಹಂಪಿ ಹಾಳಾಯಿತು. ಆ ಸೋಲಿಗೆ ಬೇರೆ ಕಾರಣಗಳೂ ಇದ್ದವು: ನಾಲ್ಕು ಸುಲ್ತಾನರ ಒಗ್ಗಟ್ಟು, ಎಂಬತ್ತರ ಹತ್ತಿರದ ಮುದಿ ದಳವಾಯಿ. ಆದರೂ 1520ರಲ್ಲಿ ಗೋಡೆಯ ಬುಡದಲ್ಲಿ ಕಲಿಯದೆ ಬಿಟ್ಟ ಪಾಠ ಅದರಲ್ಲಿ ಒಂದು.

ಇನ್ನೊಂದು ಮಾತು ಹೇಳಲೇಬೇಕು. ಈ ಕಥೆಯನ್ನು ನಮ್ಮಲ್ಲಿ ಕೆಲವರು ಧರ್ಮದ ಜಗಳ ಮಾಡಿ ಹೇಳತಾರ. ಆ ಬಯಲಿನಲ್ಲಿ ಯಾರು ಯಾರ ಕಡೆ ಇದ್ದರು ನೋಡ್ರಿ. ರಾಯನ ಕಡೆ ಮುಸಲ್ಮಾನ ಸವಾರರು. ಬಿಜಾಪುರದ ಸರದಾರ ಸಲಾಬತ್ ಖಾನನ ಕಾವಲಿಗೆ 500 ಪೋರ್ಚುಗೀಸರು. ರಾಯನಿಗೆ ಕೋಟೆ ಗೆದ್ದುಕೊಟ್ಟವರೂ ಪೋರ್ಚುಗೀಸರೇ. ಗೋಡೆಯ ಕೆಳಗೆ ಸತ್ತವರು ಕೂಲಿಯವರು. ತುಳಿದುಹೋದದ್ದು ನಮ್ಮಂಥವರ ಹೊಲ.

ರಾಯಚೂರು ನಮಗೆ ದೂರವೇನಲ್ಲ. ಕೃಷ್ಣಾ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಹೊಳೆ ದಾಟಿ ಸ್ವಲ್ಪ ಹೊತ್ತಿನಲ್ಲಿ ಊರು. ಮಕ್ಕಳನ್ನು ಕರೆದುಕೊಂಡು ಹೋಗುವ ಮೇಷ್ಟ್ರುಗಳು 1294ರ ದೊಡ್ಡ ಶಾಸನದ ಕಲ್ಲನ್ನು ತೋರಿಸುತ್ತಾರೆ, ಅದನ್ನು ಬಂಡಿಯಲ್ಲಿ ಎಳೆದು ತಂದ ಚಿತ್ರವನ್ನೂ ತೋರಿಸುತ್ತಾರೆ. ಒಳ್ಳೆಯದು. ಅದರ ಜೊತೆ ಒಳಕೋಟೆಯ ಗೋಡೆಯ ಬುಡದಲ್ಲಿ ಮಕ್ಕಳನ್ನು ನಿಲ್ಲಿಸಿ, ತಲೆ ಎತ್ತಿ ಮೇಲೆ ನೋಡಲು ಹೇಳಿರಿ. ಗಾರೆ ಇಲ್ಲದೆ ಕೂಡಿಸಿದ ಆ ಕಲ್ಲುಗಳಲ್ಲಿ ಒಂದನ್ನು ಹಾರೆಯಿಂದ ಮೀಟಬೇಕಾದರೆ ಎಷ್ಟು ಹೊತ್ತು ಬೇಕು, ಅಷ್ಟು ಹೊತ್ತು ಮೇಲಿನವನು ಏನು ಮಾಡುತ್ತಿರುತ್ತಾನೆ ಎಂದು ಕೇಳಿರಿ. ಉತ್ತರ ಅವರೇ ಹೇಳುತ್ತಾರೆ.