ಮೈಬಣ್ಣ ಮತ್ತು ಸೀರೆಯ ಬಣ್ಣ

ಮೈಬಣ್ಣಕ್ಕೆ ಒಪ್ಪುವ ಬಟ್ಟೆ ಆರಿಸುವ ಶಾಸ್ತ್ರಕ್ಕೆ ಮೂಲ ಒಂದು ದೂರು ಎಂದರೆ ವಾಚಕರು ನಗಬಹುದು. 1824ರಲ್ಲಿ ಪ್ಯಾರಿಸಿನ ಗೊಬ್ಲ್ಯಾಂ ನೇಯ್ಗೆ ಕಾರ್ಖಾನೆಯ ಬಣ್ಣಗಾರಿಕೆಗೆ ಮುಖ್ಯಸ್ಥನಾದವನು ರಸಾಯನಶಾಸ್ತ್ರಜ್ಞ ಶೆವ್ರಲ್. ಕಪ್ಪು ನೂಲು ಮಂಕಾಗಿದೆಯೆಂದು ಅವನಿಗೆ ದೂರು ಹೋಯಿತು. ಬೇರೆಡೆಯ ಕಪ್ಪು ನೂಲುಗಳೊಡನೆ ಹೋಲಿಸಿ ನೋಡಿದ. ನೂಲಿನಲ್ಲಿ ದೋಷವೇ ಇರಲಿಲ್ಲ. ಪಕ್ಕದ ನೀಲಿ, ನೇರಿಳೆಗಳು ಅದರ ಕಳೆ ತಗ್ಗಿಸಿದ್ದವು! 1839ರ ತನ್ನ ಗ್ರಂಥದಲ್ಲಿ ಈ ನಿಯಮವನ್ನು ಉಡುಪು, ಮೈಬಣ್ಣಗಳಿಗೂ ಅನ್ವಯಿಸಿದ.

ಜನರನ್ನು ವಸಂತ, ಬೇಸಗೆ, ಶರತ್ತು, ಚಳಿಗಾಲವೆಂದು ವಿಂಗಡಿಸಿ ಬಣ್ಣ ಹೇಳುವ ಪದ್ಧತಿಯನ್ನು ಮನೆಮನೆಗೆ ಮುಟ್ಟಿಸಿದ್ದು 1980ರಲ್ಲಿ ಅಮೆರಿಕದ ಕ್ಯಾರೊಲ್ ಜಾಕ್ಸನ್ ಬರೆದ 'ಕಲರ್ ಮೀ ಬ್ಯೂಟಿಫುಲ್'. ಅದರಲ್ಲಿ ನಮ್ಮಂಥ ಕಪ್ಪು ಕೂದಲಿನವರು ಬಹುಪಾಲು ಚಳಿಗಾಲದ ಖಾತೆಗೇ ಜಮಾ. ಬ್ಯಾಂಕಿನಲ್ಲಿ ಖಾತೆ ನೋಡುವ ನಮಗೆ ಈ ಲೆಕ್ಕ ತಾಳೆಯಾಗದು. ನಮ್ಮ ಒಂದೇ ಮನೆಯಲ್ಲಿ ನಾಲ್ಕು ಬಗೆಯ ಕಂದು ಮೈಬಣ್ಣವಿದೆ.

ಕಳೆದ ದೀಪಾವಳಿಗೆ ಇಲ್ಲಿಯ ಅಂಗಡಿಯೊಂದರಲ್ಲಿ, "ಕಪ್ಪು ಮೈಗೆ ಈ ಹಸಿರು ಬೇಡ" ಎಂದು ಅಂಗಡಿಯವನು ನಮ್ಮ ತಂಗಿಯ ಮುಂದಿನಿಂದ ಇಳಕಲ್ ಸೀರೆಯನ್ನು ಎತ್ತಿಬಿಟ್ಟ. ಅವಳ ಮುಖ ಸಣ್ಣದಾಯಿತು. ನಾವು ಮತ್ತೆ ಬಿಡಿಸಲು ಹೇಳಿದೆವು. ಮುಖದ ಪಕ್ಕಕ್ಕೆ ಬರುವುದು ಒಡಲಲ್ಲ, ಸೆರಗು; ಇಳಕಲ್ಲಿನ ನೇಕಾರರು ಅಲ್ಲಿ ಕೆಂಪನ್ನೇ ಇಟ್ಟಿದ್ದಾರೆ. ತಂಗಿ ಸೆರಗನ್ನು ಹೆಗಲಿಗೆ ಹಾಕಿಕೊಂಡು ಕನ್ನಡಿ ನೋಡಿದಳು. ಸೀರೆ ಕಟ್ಟಿಸಿಕೊಂಡೇ ಬಂದೆವು.