ಕುಸುಬಿ ಎಣ್ಣೆ ಕುಡಿದ ಲೇತು

ಓದಿದ್ದು ಮೆಕ್ಯಾನಿಕಲ್, ಮಾಡೋದು ಸಾಫ್ಟ್‌ವೇರ್. ಕಾಲೇಜು ಬಿಟ್ಟ ಮೇಲೆ ನನ್ನ ಕೈಗೆ ಎಣ್ಣೆ ಹತ್ತಿದ್ದು ಮಿರ್ಚಿ ಭಜಿ ತಿನ್ನುವಾಗ ಮಾತ್ರ :) ಹೋದ ದೀಪಾವಳಿಗೆ ಶಹಾಪುರಕ್ಕೆ ಹೋದಾಗ ಮಾತ್ರ ಮೂರು ದಿನ ಮಾಮನ ವರ್ಕ್‌ಶಾಪಿನಲ್ಲೇ ಕಳೆದೆ. ಅಲ್ಲಿದ್ದ ಹಳೇ ಲೇತನ್ನು ಗುಜರಿಗೆ ಹಾಕುವ ಮಾತು ನಡೆದಿತ್ತು. ಶಾಫ್ಟ್ ತಿರುವಿದರೆ ಚಕ್ಕಿನ ಹತ್ತಿರ ಒಂದು ಅಳತೆ, ಆಚೆ ತುದಿಗೆ ಇನ್ನೊಂದು. "ವಯಸ್ಸಾತು ಬಿಡು ಅದಕ್ಕ" ಅಂದರು ಮಾಮ. ನನಗೆ ಹೊಟ್ಟೆಯಲ್ಲಿ ಕಸಿವಿಸಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಅದು ಹರಿಹರದ ಕಿರ್ಲೋಸ್ಕರ್ ಲೇತು. ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರು ಮಾಡಿದವರು. 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಮಹಾಯುದ್ಧದ ನಡುವೆ, 1941ರಲ್ಲಿ, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಹುಟ್ಟಿತು. ಬೆಂಗಳೂರಿನ ಎಚ್‌ಎಂಟಿ ಬಂದದ್ದು ಇನ್ನೂ ತಡವಾಗಿ, 1953ರಲ್ಲಿ. ಆಗ ನಮ್ಮ ಯಾದಗಿರಿ, ಶಹಾಪುರ, ಸುರಪುರ ಎಲ್ಲ ಹೈದರಾಬಾದ್ ರಾಜ್ಯದಲ್ಲಿದ್ದವು. 1956ರ ನವೆಂಬರ್ 1ರವರೆಗೆ ಹರಿಹರ ನಮಗೆ ಪರರಾಜ್ಯ! ಲೇತು ನಮ್ಮ ಕಡೆಯ ಗಲ್ಲಿಗೆ ಬಂದದ್ದು ಬಹಳ ನಂತರ. 1982ರಲ್ಲಿ ನಾರಾಯಣಪುರ ಆಣೆಕಟ್ಟು ಮುಗಿದು, ಎಡದಂಡೆ ಕಾಲುವೆಗೆ ನೀರು ಬಂದು, ಟ್ರ್ಯಾಕ್ಟರುಗಳು ಹೆಚ್ಚಿದ ಮೇಲೆ ಮಾಮ ಇದನ್ನು ಸೆಕೆಂಡ್ ಹ್ಯಾಂಡ್ ತಂದರು.

ಕೀಲೆಣ್ಣೆಯ ಕಥೆ ಲೇತಿಗಿಂತ ಹಳೆಯದು. ನಮ್ಮ ಕಡೆ ಬಂಡಿ ಅಚ್ಚಿಗೆ ಔಡಲೆಣ್ಣೆ ಹಾಕುತ್ತಿದ್ದರು. 1871ರಲ್ಲಿ ರಾಯಚೂರಿನಲ್ಲಿ ಬಾಂಬೆ ಕಡೆಯ ಹಳಿ ಮದ್ರಾಸ್ ಕಡೆಯ ಹಳಿಗೆ ಕೂಡಿತು, ಯಾದಗಿರಿ ಅದೇ ದಾರಿಯ ಊರು. ಆ ಕಾಲದ ನಮ್ಮ ದೇಶದ ರೈಲುಗಳಲ್ಲೂ ಗಾಲಿಗೆ, ದೀಪಕ್ಕೆ ಔಡಲೆಣ್ಣೆ ಬಳಸುತ್ತಿದ್ದರು. ನಿಜಾಮರ ಸಂಸ್ಥಾನ ಔಡಲ ಬೆಳೆಗೆ ದೊಡ್ಡ ಹೆಸರು. ಇಂಗ್ಲೆಂಡಿನ ವೇಕ್‌ಫೀಲ್ಡ್ 1909ರಲ್ಲಿ ತನ್ನ ಎಣ್ಣೆಗೆ ಕ್ಯಾಸ್ಟ್ರಾಲ್ ಅಂತ ಹೆಸರಿಟ್ಟದ್ದೂ ಇದೇ ಔಡಲದಿಂದ, ಅಂದರೆ ಕ್ಯಾಸ್ಟರ್‌ನಿಂದ. ದಪ್ಪ ಎಣ್ಣೆ, ಲೋಹಕ್ಕೆ ಅಂಟಿ ನಿಲ್ಲುತ್ತದೆ, ಬೇಗ ಒಣಗುವುದಿಲ್ಲ.

ಆದರೆ ಎಲ್ಲಾ ಎಣ್ಣೆಯೂ ಔಡಲೆಣ್ಣೆಯಲ್ಲ. ಈಗ ಬರುತ್ತೆ ನೋಡಿ ನನ್ನ ವಿಷಯ. ಏಳನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ಲೇತಿಗೆ ದಿನಾ ಎಣ್ಣೆ ಬಿಡುವ ಕೆಲಸ ನನ್ನದಾಗಿತ್ತು. ಒಂದು ದಿನ ಡಬ್ಬಿ ಖಾಲಿ. ಬಿಸಿಲಲ್ಲಿ ಬಜಾರಿಗೆ ಹೋಗಲು ಬೇಜಾರಾಗಿ ಅಡುಗೆಮನೆಯ ಕುಸುಬಿ ಎಣ್ಣೆ ತುಂಬಿದೆ. ಯಾರೂ ಏನೂ ಅನ್ನಲಿಲ್ಲ. ರಜೆ ಮುಗಿಯುವವರೆಗೂ ಅದನ್ನೇ ಬಿಟ್ಟೆ.

ಕುಸುಬಿ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ಬಣ್ಣದ ಎಣ್ಣೆಯ ಹಾಗೆ. ಇದನ್ನು ಓದಿದ್ದು ಇಂಜಿನಿಯರಿಂಗಿನಲ್ಲಿ, ಅವತ್ತೇ ಎದೆ ಧಸಕ್ ಅಂದಿತ್ತು. ಈ ಸಲ ಸ್ಯಾಡಲ್ ಬಿಚ್ಚಿ ತಿರುಗಿಸಿದರೆ, ಎಣ್ಣೆ ಹರಿಯುವ ಗೀರುಗಳ ತುಂಬಾ ಬೆಲ್ಲದ ಪಾಕದಂಥ ಕಂದು ಪದರ! ಸೀಮೆಎಣ್ಣೆಗೆ ಜಗ್ಗಲಿಲ್ಲ. ಥಿನ್ನರ್ ಹಾಕಿ ಬಿದಿರು ಕಡ್ಡಿಯಿಂದ ಕೆರೆದೆ. ಅಂದರೆ ಇಷ್ಟು ವರ್ಷ ಮಾಮ ಮೇಲಿನಿಂದ ಬಿಟ್ಟ ಒಳ್ಳೇ ಎಣ್ಣೆ ಕೆಳಗೆ ಇಳಿದೇ ಇರಲಿಲ್ಲ. ಸಣ್ಣ ಕೆಲಸಗಳೇ ಜಾಸ್ತಿ, ಹಾಗಾಗಿ ಸ್ಯಾಡಲ್ ಚಕ್ಕಿನ ಹತ್ತಿರವೇ ಓಡಾಡುತ್ತದೆ. ಬೆಡ್ ಸವೆದದ್ದೂ ಅಲ್ಲೇ.

ಹೆಡ್‌ಸ್ಟಾಕಿನಲ್ಲಿ ಟ್ರ್ಯಾಕ್ಟರಿನ ಇಂಜಿನ್ ಆಯಿಲ್ ಇತ್ತು, ಅದನ್ನೂ ಇಳಿಸಿದೆ. ಆ ಎಣ್ಣೆಯಲ್ಲಿ ಕೊಳೆಯನ್ನು ತೇಲಿಸಿಟ್ಟುಕೊಳ್ಳುವ ರಾಸಾಯನಿಕ ಇರುತ್ತದೆ. ಇಂಜಿನ್ನಿನಲ್ಲಿ ಫಿಲ್ಟರ್ ಇದೆ ಸರಿ, ಈ ಲೇತಿನಲ್ಲಿಲ್ಲ. ಇಲ್ಲಿ ಪುಡಿ ತಳಕ್ಕೆ ಕೂರಬೇಕು. ಸ್ಯಾಡಲ್ಲಿನ ಬಾಯಿಗೆ ಹೊಸ ಫೆಲ್ಟ್ ಕೊಯ್ದು ಕೂರಿಸಿದೆ, ಬೆಡ್ಡಿಗೆ 68ರ ಸ್ಲೈಡ್‌ವೇ ಎಣ್ಣೆ. ಗ್ರೀಸ್ ಹಚ್ಚಬೇಡಿ ಮಾರಾಯರೇ, ಬೀಡಿನ ಪುಡಿ ಅದಕ್ಕೆ ಅಂಟಿ ಸಾಣೆ ಹಿಡಿದ ಹಾಗಾಗುತ್ತದೆ.

ಇಷ್ಟಾದರೂ ಅಳತೆ ಸರಿ ಬರಲಿಲ್ಲ. ಕೊನೆಗೆ ಲೆವೆಲ್ ಇಟ್ಟು ನೋಡಿದರೆ ಒಂದು ಕಾಲು ಕುಸಿದಿದೆ! ನಮ್ಮದು ಎರೆ ಭೂಮಿ. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ, ಮೇಲಿನ ಬೆಡ್ ತಿರುಚಿಕೊಳ್ಳುತ್ತದೆ. ಕಾಲಿನ ಕೆಳಗೆ ಹಿತ್ತಾಳೆ ತಗಡು ಕೊಟ್ಟು ಮತ್ತೆ ಶಾಫ್ಟ್ ತಿರುವಿದೆವು. ವ್ಯತ್ಯಾಸ ಮೂರು ಪಾಲಿನಲ್ಲಿ ಎರಡು ಪಾಲು ಹೋಯಿತು. ಉಳಿದ ಪಾಲು ಸವೆದ ಬೆಡ್ಡಿನದು. ಅದು ಎಣ್ಣೆಯಿಂದ ವಾಪಸ್ ಬರಲ್ಲ.

ಆ ಪಾಲು ನನ್ನದು ಅಂತ ಊಟಕ್ಕೆ ಕೂತಾಗ ಹೇಳಿಬಿಟ್ಟೆ. ಮಾಮ ರೊಟ್ಟಿ ಮುರಿಯುತ್ತಾ, "ಅವಾಗೇ ವಾಸನಿ ಬಂದಿತ್ತಲೇ, ಮನ್ಯಾಗ ಯಾರೋ ಕರಿಲಿಕತ್ತಾರ ಅಂದ್ಕೊಂಡಿದ್ದೆ" ಅಂದರು. ಗುಜರಿಯವನಿಗೆ ಸಂಕ್ರಾಂತಿ ಆದ ಮೇಲೆ ಬಾ ಅಂತ ಹೇಳಿ ಕಳಿಸಿದ್ದಾರೆ.